ದೊರೆ ಕೊಟ್ಟ ರಿವಾಲ್ವಾರ್

ನಮ್ಮ ಸೀಮೆಯಲ್ಲಿ ಹಳೆಯ ವಸ್ತು ಅಂತ ಒಂದಿದ್ದರೆ ಅದು ಅರಮನೆಯಿಂದಲೇ ಬಂದಿರಬೇಕು. ತುಕ್ಕು ಹಿಡಿದ ಅಡಕತ್ತರಿ, ಕಾಲು ಮುರಿದ ಕುರ್ಚಿ, ಸೊಟ್ಟಗಾದ ಹಿತ್ತಾಳೆ ಪೀಕದಾನಿ, ಎಲ್ಲಕ್ಕೂ ಮಹಾರಾಜರೇ ಮೂಲ. ಅವರು ಕೂತು ರಾಜ್ಯ ಆಳಿದರೋ ಅಥವಾ ನಂಜನಗೂಡು ತಾಲ್ಲೂಕಿನ ಮನೆಮನೆ ಸುತ್ತಿ ಪಾತ್ರೆ ಪಡಗ ಹಂಚಿದರೋ ಎಂಬ ಅನುಮಾನ ನನಗೆ ನಿವೃತ್ತಿಯಾಗಿ ಇಲ್ಲಿ ಬಂದು ನೆಲೆಸಿದ ಮೇಲೆ ಶುರುವಾಯಿತು. ಯಾಕೆಂದರೆ ಇಂಥ ಸಾಮಾನುಗಳನ್ನೆಲ್ಲ ಟವೆಲಿನಲ್ಲಿ ಸುತ್ತಿಕೊಂಡು ನನ್ನ ಮನೆಗೇ ತರುತ್ತಾರೆ. ನೋಡಿ, ಅಸಲಿ ಅನ್ನಿ, ಫೋಟೋಗೆ ನಿಲ್ಲಿ ಅನ್ನುತ್ತಾರೆ. ನಕಲಿ ಅಂದರೆ ಕಾಫಿ ಕೂಡ ಮುಗಿಸದೆ ಎದ್ದು ಹೋಗುತ್ತಾರೆ.

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಸರ್ಕಾರಿ ಪ್ರಯೋಗಾಲಯದಲ್ಲಿ ಬಂದೂಕು, ಪಿಸ್ತೂಲು, ಗುಂಡುಗಳನ್ನು ಪರೀಕ್ಷಿಸಿ ಕೋರ್ಟಿಗೆ ವರದಿ ಬರೆದವಳು. ನಮ್ಮ ಬೀದಿಯಲ್ಲಿ ನನಗೆ 'ಕೋವಿ ಮೇಡಂ' ಅಂತ ಹೆಸರಿಟ್ಟಿದ್ದಾರೆ. ಗಂಡಸಾಗಿದ್ದರೆ ಎಕ್ಸ್‌ಪರ್ಟು ಅನ್ನುತ್ತಿದ್ದರು. ಹೆಂಗಸು ಕೋವಿ ಕೆಲಸದಲ್ಲಿದ್ದಳು ಅಂದರೆ ಇವರ ತಲೆಯಲ್ಲಿ ಅವುಗಳ ಧೂಳು ಒರೆಸಿ ಇಡುತ್ತಿದ್ದಳು ಅಂತ ಅರ್ಥ. ತಿದ್ದುವುದಕ್ಕೆ ಹೋಗಿ ಸಾಕಾಗಿ ಬಿಟ್ಟುಬಿಟ್ಟಿದ್ದೇನೆ.

ಈಗ ಹೇಳಹೊರಟಿರುವ ರಿವಾಲ್ವಾರ್ ಹೆಡತಲೆ ಕಡೆಯ ಒಂದು ಹಳ್ಳಿಯ ದೊಡ್ಡಮನೆಯದು. ಆ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ತಮ್ಮ ತೀರಿಹೋಗಿದ್ದ. ಅವನ ಹೆಂಡತಿ ನಂಜನಗೂಡಿನ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಮೇಡಂ. ಅಣ್ಣ ಊರ ಯಜಮಾನ. ಹಣೆತುಂಬ ವಿಭೂತಿ, ಜೇಬುತುಂಬ ಮೊಬೈಲು, ಬಾಯಿತುಂಬ ತಾತ. ಆ ತಾತನಿಗೆ ಮಹಾರಾಜರು ಮೆಚ್ಚಿ ಕೊಟ್ಟರೆಂಬ ರಿವಾಲ್ವಾರನ್ನು ಆಯುಧಪೂಜೆಯ ದಿನ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲಿಟ್ಟು ಕುಂಕುಮ ಹಚ್ಚಿ, ಆಮೇಲೆ ಕೈಯಲ್ಲಿ ಹಿಡಿದು ಮೀಸೆ ತಿರುವುತ್ತಾ ವಿಡಿಯೋ ಮಾಡಿಸಿದ್ದ. ಹಿಂದೆ ಯುದ್ಧದ ಸಂಗೀತ ಬೇರೆ. ಅದನ್ನು ಮೊಬೈಲಿನ ಎಲ್ಲ ಗುಂಪುಗಳಿಗೂ ಕಳಿಸಿದ. ಪಂಚಾಯಿತಿ ಚುನಾವಣೆಯಲ್ಲಿ ಇವನಿಂದ ಸೋತಿದ್ದ ಮನುಷ್ಯನೊಬ್ಬ ಅದನ್ನು ಭಕ್ತಿಯಿಂದ ನೋಡಿ, ಅಷ್ಟೇ ಭಕ್ತಿಯಿಂದ ಪೊಲೀಸರಿಗೆ ರವಾನಿಸಿದ. ಲೈಸೆನ್ಸ್ ಎಲ್ಲಿ ಅಂತ ಕೇಳಿಕೊಂಡು ಪೊಲೀಸರು ಮನೆಗೆ ಬಂದರು.

ಆಗ ಯಜಮಾನರು ಹೇಳಿದ ಮಾತನ್ನು ಸಬ್ ಇನ್ಸ್‌ಪೆಕ್ಟರೇ ನನಗೆ ಒಪ್ಪಿಸಿದ್ದು: "ಅದು ನಂದಲ್ಲ ಸಾ. ನಮ್ ತಮ್ಮನ ಪಾಲಿಗೆ ಬಂದಿದ್ದು. ಅವನು ಓದ. ಈಗ ಅವನೆಂಡ್ತಿ ರೂಮ್ನಾಗೆ, ಅವಳ ಬೀರುನಲ್ಲಿ ಅದೆ. ಪೂಜೆ ಅಂತ ಒಂದ್ಗಳಿಗೆ ಇಸ್ಕೊಂಡಿದ್ದೆ, ಅಷ್ಟೇಯ."

ಮೀಸೆ ಇವನದು, ವಿಡಿಯೋ ಇವನದು, ತಾತ ಇವನ ಸ್ವಂತ ತಾತ. ಪೊಲೀಸ್ ಜೀಪು ಅಂಗಳಕ್ಕೆ ಬಂದ ಕೂಡಲೇ ರಿವಾಲ್ವಾರ್ ಮಾತ್ರ ತಮ್ಮನ ಹೆಂಡತಿಯದು. ಬೀರು ತೆಗೆದರೆ ಅಲ್ಲೇ ಇತ್ತು, ನಿಜ. ಮನೆಯಲ್ಲಿ ಬೀಗ ಸರಿಯಿದ್ದ ಬೀರು ಅದೊಂದೇ ಆದ್ದರಿಂದ ಅವನೇ ಪೂಜೆ ಮುಗಿಸಿ ಅಲ್ಲಿ ಇಡಿಸಿದ್ದ. ಆದರೆ ಅದನ್ನು ಹೇಳುವುದಕ್ಕೆ ಮನೆಯವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಸಬ್ ಇನ್ಸ್‌ಪೆಕ್ಟರು ಹೊಸಬ, ಒಳ್ಳೆಯ ಹುಡುಗ. ಕೇಸು ಹಾಕಿದರೆ ಆಕೆಯ ಮೇಲೇ ಹಾಕಬೇಕು. ಲೈಸೆನ್ಸಿಲ್ಲದ ರಿವಾಲ್ವಾರ್ ಇಟ್ಟುಕೊಂಡ ಕೇಸು ಅಂದರೆ ಬಂಧನ, ಬಂಧನ ಅಂದರೆ ಸಸ್ಪೆಂಡು. ಆತನಿಗೂ ಮನಸ್ಸು ಒಪ್ಪಲಿಲ್ಲ. "ಲ್ಯಾಬಿಗಂತೂ ಕಳಿಸ್ತೀನಿ ಮೇಡಂ. ಅದಕ್ಕೆ ಮುಂಚೆ ಇದೇನು, ಎಲ್ಲಿಂದ ಬಂತು ಅಂತ ನೀವೊಂದು ಸಲ ನೋಡಿ" ಎಂದ. ನಾನು ಠಾಣೆಗೆ ಹೋದೆ.

ಯಜಮಾನ ನನಗಿಂತ ಮುಂಚೆ ಬಂದು ಕುರ್ಚಿ ಹಿಡಿದಿದ್ದ. ಇವನ ಕಥೆ ಶುರುವಾಯಿತು. ತಾತ ಬನ್ನೂರಿನ ಕಡೆ ಹುಲಿ ಹೊಡೆದದ್ದು, ಮಹಾರಾಜರು ಆನೆಯಿಂದ ಇಳಿದು ಬಂದದ್ದು, ಸೊಂಟದಿಂದ ಬಿಚ್ಚಿ ಕೊಟ್ಟದ್ದು. ಬನ್ನೂರಿನ ಭತ್ತದ ಗದ್ದೆಯಲ್ಲಿ ಹುಲಿ ಏನು ಮಾಡುತ್ತಿತ್ತು ಎಂದು ನಾನು ಕೇಳಲಿಲ್ಲ. ಕಬ್ಬು ತಿನ್ನಲು ಬಂದಿರಬೇಕು.

"ನೋಡಿ ಮೇಡಂ, ಹಿಡೀಲಿ ಆನೆದಂತ ಕೂರ್ಸವ್ರೆ. ಇಲ್ನೋಡಿ, ಗಂಡಭೇರುಂಡ. ಅರಮನೆ ಮೊಹರು ಕಣ್ರೀ ಇದು. ತಾತ ಸಾಯೋಗಂಟ ಒಂದೇ ಮಾತು ಯೋಳ್ತಿದ್ರು, 'ಇದ ದೊರೆ ಕೊಟ್ಟದ್ದು ಕಣ್ಲಾ' ಅಂತ."

ಕೈಗೆ ತೆಗೆದುಕೊಂಡೆ. ಎತ್ತಿದ ಕೂಡಲೇ ಕೈಗೆ ಗೊತ್ತಾಗುತ್ತದೆ. ಭಾರವೆಲ್ಲ ಬೇಡದ ಕಡೆ ಇತ್ತು. ದೂರದಿಂದ ನೋಡಿದರೆ ಹಳೆಯ ವಿಲಾಯತಿ ರಿವಾಲ್ವಾರಿನ ಹಾಗೆಯೇ ಇದೆ, ಉದ್ದ ನಳಿಗೆ, ಗುಂಡು ತುಂಬುವ ದಪ್ಪ ತಿರುಗಣೆ, ಬಾಗಿದ ಹಿಡಿ. ಹತ್ತಿರ ಹಿಡಿದರೆ ಸಂತೆ ಸಾಮಾನು. ಮೈ ಹಿತ್ತಾಳೆಯ ಎರಕ, ಮೇಲೆ ಕಪ್ಪು ಬಳಿದದ್ದು. ಎರಕದ ಅಂಚಿನ ಗೆರೆಯನ್ನು ಅರದಿಂದ ಉಜ್ಜುವಷ್ಟು ತಾಳ್ಮೆಯೂ ಮಾಡಿದವನಿಗೆ ಇರಲಿಲ್ಲ. ನಳಿಗೆ ಕಬ್ಬಿಣದ ಕೊಳವೆ, ಒಳಗೆ ಗುಂಡನ್ನು ತಿರುಗಿಸುವ ಗೆರೆಗಳಿಲ್ಲ, ಹಿಂದಿನ ತುದಿಗೆ ಹಿತ್ತಾಳೆಯ ಬಿರಡೆ ಜಡಿದು ಮುಚ್ಚಿದೆ. ತಿರುಗಣೆಯ ತೂತುಗಳು ಅರ್ಧಕ್ಕೇ ನಿಂತಿವೆ. ಅಂದರೆ ಗುಂಡು ಹೋಗುವುದಿರಲಿ, ಇರುವೆ ಕೂಡ ಈ ಕಡೆಯಿಂದ ಆ ಕಡೆಗೆ ದಾಟುವಂತಿಲ್ಲ. ಕುದುರೆ ಮಾತ್ರ, ಅಂದರೆ ಬೀಳುವ ಸುತ್ತಿಗೆ, ಅಸಲಿ ಕಬ್ಬಿಣ. ಹೊಲ ಕಾಯುವ ಯಾವುದೋ ಹಳೇ ಮದ್ದಿನ ಕೋವಿಯಿಂದ ಕಿತ್ತದ್ದು. ಅದರ ಮೂತಿಯನ್ನು ಚಪ್ಪಟೆ ಮಾಡಿದ್ದರು. ಅದು ಬೀಳುವ ಜಾಗದಲ್ಲಿ ದೀಪಾವಳಿಯ ಕೇಪು ಹೊಡೆದಾಗ ಉಳಿಯುವಂಥ ಮಸಿ ಪದರಪದರವಾಗಿ ಕೂತಿತ್ತು.

ಆನೆದಂತ ಅಂದದ್ದನ್ನು ಲೆನ್ಸಿಟ್ಟು ನೋಡಿದೆ. ಹಾರ್ಮೋನಿಯಂನಲ್ಲಿ ಬೆರಳೊತ್ತುವ ಬಿಳಿ ಮನೆಗಳ ಮೇಲೆ ಅಂಟಿಸಿರುತ್ತಾರಲ್ಲ, ಆ ಪಟ್ಟಿ. ಬೆರಳು ಸವೆಸಿದ ಗುಳಿ ಇನ್ನೂ ಇತ್ತು. ಗಂಡಭೇರುಂಡವೆಂದದ್ದು ಮದುವೆ ಬ್ಯಾಂಡ್‌ಸೆಟ್ಟಿನವರು ಕೋಟಿಗೆ ಹಾಕುವ ಹಿತ್ತಾಳೆ ಗುಂಡಿ. ಅದರಲ್ಲಿರುವುದು ಸಿಂಹವೋ ನಾಯಿಯೋ ಹೇಳಲಾರೆ, ಆದರೆ ತಲೆ ಒಂದೇ. ಇದೆಲ್ಲದರ ಮೇಲೆ ಹಿಡಿಗೆ ಹಾಕಿದ್ದ ತಿರುಪು ನಕ್ಷತ್ರದ ಗುರುತಿನದು, ಹಾರ್ಡ್‌ವೇರ್ ಅಂಗಡಿಯಲ್ಲಿ ಹಿಡಿಗಟ್ಟಲೆ ಸಿಗುವಂಥದ್ದು.

"ಈ ಸ್ಕ್ರೂ ಯಾರು ಹಾಕಿದ್ದು?" ಎಂದೆ.

"ಅದು ನಾನೇ ಕಣ್ರೀ. ಅಲ್ಲಾಡ್ತಿತ್ತು. ಅದೊಂದ ಬುಟ್ರೆ ಮಿಕ್ಕಿದ್ದೆಲ್ಲ ಅರಮನೇದೇಯ."

ನಾನು ಫೋಟೋ ತೆಗೆದುಕೊಂಡು ಎದ್ದೆ. ಗುಂಡು ಹಾರದು ಅನ್ನುವುದು ಖಾತರಿಯಾಗಿತ್ತು. ಆದರೆ ಒಂದು ಕಾಲದಲ್ಲಿ ಅಸಲಿಯಾಗಿದ್ದು ಆಮೇಲೆ ಬಿರಡೆ ಜಡಿದದ್ದೋ, ಹುಟ್ಟಿನಿಂದಲೇ ಆಟದ್ದೋ ಅನ್ನುವುದೂ ತಿಳಿಯಬೇಕಿತ್ತು. ಬಿರಡೆ ಕಿತ್ತರೆ ಹಾರುತ್ತದೆ ಅಂತ ಯಾವನಾದರೂ ವಕೀಲ ಎದ್ದರೆ ಆಕೆಯ ಕುತ್ತಿಗೆಗೆ ಮತ್ತೆ ಬರುತ್ತದೆ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಆಕೆ ನಮ್ಮ ಮನೆಗೆ ಬಂದಳು. ಕೈಯಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಚೀಲ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ನಮ್ಮನೆಯೋರು ಓದ್ಮೇಲೆ ಗದ್ದೇಲಿ ನಮ್ ಭಾಗ ಕೇಳ್ದೆ ಮೇಡಂ. 'ಇನ್ನೂ ಪಾಲೇ ಆಗಿಲ್ಲ, ಎಂಗ್ ಕೊಡಾನೆ?' ಅಂದ್ರು. ಪೊಲೀಸ್ ಬಂದ ದಿನ ಪಾಲಾಗೋಯ್ತು. ನನ್ ಭಾಗಕ್ಕೆ ಪಿಸ್ತೂಲೊಂದೇ ಬಂದದೆ."

ನನಗೆ ನಗು ಬಂತು, ಆಕೆಗೂ ಬಂತು. ಆಮೇಲೆ ಆಕೆ ನೇರವಾಗಿ ಕೇಳಿದಳು: "ನನ್ ಕೆಲಸ ಓಗ್ತದಾ ಮೇಡಂ? ಅದೊಂದೇ ನಂಗಿರೋದು. ಓದ್ರೆ ಆ ಮನೇಲೇ ಅವರ ಕೈ ನೋಡ್ಕಂಡು ಕೂತಿರ್ಬೇಕು." ಎಲ್ಲ ಗೊತ್ತಾದ ಮೇಲೆ ಹೇಳುತ್ತೇನೆ ಅಂದೆ. ಅವಳ ಮುಖ ನೋಡಿ, ಇನ್ನೂ ಸ್ವಲ್ಪ ಧೈರ್ಯದ ಮಾತು ಹೇಳಬಹುದಿತ್ತು ಅನ್ನಿಸಿತು. ಆದರೆ ಮೂವತ್ತು ವರ್ಷ ಕೋರ್ಟಿನಲ್ಲಿ ಅಳೆದು ತೂಗಿ ಮಾತಾಡಿದ ನಾಲಗೆ, ಅಭ್ಯಾಸ ಬಿಡದು.

ಅವಳು ಹೋದ ಮೇಲೆ ಯಜಮಾನನ ಸವಾರಿ ಬಂತು. ಬಾಳೆಗೊನೆಯ ಸಮೇತ. "ರಸಬಾಳೆ ಮೇಡಂ, ನಮ್ ತ್ವಾಟದ್ದು" ಎಂದ. ನಂಜನಗೂಡಿನಲ್ಲಿ ಹುಟ್ಟಿದವಳಿಗೆ ಯಾವುದೋ ಹಣ್ಣು ತಂದು ರಸಬಾಳೆ ಅನ್ನುವುದಕ್ಕೂ ಒಂದು ಎದೆಗಾರಿಕೆ ಬೇಕು. ನಾನು ಮುಟ್ಟಲಿಲ್ಲ. ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ನೀವು ಅಸಲಿ ಅಂತ ಬರೀರಿ ಮೇಡಂ. ಅರಮನೇದು ಅಂತ."

"ಅಸಲಿ ಅಂತ ಬರೆದರೆ ನಿಮ್ಮ ತಮ್ಮನ ಹೆಂಡತಿ ಜೈಲಿಗೆ ಹೋಗ್ತಾಳೆ."

"ಎಂಗಸ್ರಲ್ವಾ, ಬೇಗ ಬೇಲ್ ಸಿಕ್ತದೆ ಬುಡಿ. ವಕೀಲರ್ನ ನಾನೇ ಇಡ್ತೀನಿ. ಮನೆತನದ ಮಾತು ಮೇಡಂ ಇದು. ಮಠದಲ್ಲಿ ಸ್ವಾಮಿಗಳ ಮುಂದೆ ತೋರ್ಸಿವ್ನಿ. ನಾಳೆ ಆಟದ್ದು ಅಂದ್ಬುಟ್ರೆ ನಾನೆಂಗ್ ತಲೆಯೆತ್ತಾನೆ?"

ಇಷ್ಟು ನಿರ್ಮಲವಾದ ನೀಚತನವನ್ನು ನಾನು ಕೊಲೆ ಕೇಸುಗಳಲ್ಲೂ ಕಂಡಿಲ್ಲ. ಕೊಂದವನು ಕನಿಷ್ಠ ಕೋಪದಲ್ಲಿ ಕೊಂದಿರುತ್ತಾನೆ. ಇವನಿಗೆ ಅವಳ ಮೇಲೆ ಕೋಪವೂ ಇಲ್ಲ. ಅವಳು ಕೆಲಸ ಕಳೆದುಕೊಂಡು, ಠಾಣೆ ಮೆಟ್ಟಿಲು ಹತ್ತಿ, ಕಟಕಟೆಯಲ್ಲಿ ನಿಂತರೆ ತಾತನ ಮರ್ಯಾದೆ ಉಳಿಯುತ್ತದೆ ಅನ್ನುವ ಲೆಕ್ಕ. ಬಾಳೆಗೊನೆಯನ್ನು ಎತ್ತಿ ಅವನ ಕೈಗೇ ಕೊಟ್ಟು ಬಾಗಿಲು ತೋರಿಸಿದೆ.

ಹಾರ್ಮೋನಿಯಂ, ಬ್ಯಾಂಡ್‌ಸೆಟ್ಟು, ಕೇಪು. ಇವು ಮೂರೂ ಒಂದೇ ಜಾಗದಲ್ಲಿ ಸೇರುವುದು ನಾಟಕದವರ ಹತ್ತಿರ. ನಮ್ಮ ಕಡೆ ಹಳ್ಳಿಯವರು ನಾಟಕ ಆಡಿದರೆ ಪರದೆ, ಕಿರೀಟ, ಕತ್ತಿಗಳನ್ನು ಬಾಡಿಗೆಗೆ ತರುತ್ತಿದ್ದುದು ಟಿ. ನರಸೀಪುರದಿಂದ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯವರೂ ಅಲ್ಲಿಗೇ ಹೋಗುತ್ತಿದ್ದರು. ಬಸ್ಸು ಹತ್ತಿದೆ.

ಸಂಗಮಕ್ಕೆ ಹೋಗುವ ದಾರಿಯ ಆ ಅಂಗಡಿಯಲ್ಲಿ ಈಗ ಮೊಮ್ಮಗ ಕೂರುತ್ತಾನೆ. ಬಾಯಲ್ಲಿ ಎಲೆಅಡಿಕೆ, ಮಾತಿನಲ್ಲಿ ಭೂಮಿ ಆಕಾಶ. ಫೋಟೋ ತೋರಿಸಿ ಕೇಳಿದ ಕೂಡಲೇ ಟ್ರಂಕಿನ ಅಡಿಯಿಂದ ಅಂಥದ್ದೇ ಎರಡು ರಿವಾಲ್ವಾರುಗಳನ್ನು ತೆಗೆದು ಕಿರೀಟಗಳ ಪಕ್ಕ ಇಟ್ಟ. "ನಮ್ ತಾತ ಮಾಡ್ಸಿದ್ದು ಮೇಡಂ. ಇವೂ ಅರಮನೇವೇಯ. ಮಹಾರಾಜ್ರ ಮುಂದೆ ಆಡಕ್ಕೆ ಅಂತ್ಲೇ ಮಾಡಿದ್ದು." ಇಲ್ಲಿಗೂ ಬಂದರಲ್ಲ ಮಹಾರಾಜರು ಅಂದುಕೊಂಡೆ. ಅವನ ಬೊಗಳೆ ನನಗೆ ಬೇಕಿರಲಿಲ್ಲ, ವಸ್ತು ಬೇಕಿತ್ತು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ನಳಿಗೆ ಒಂದಕ್ಕೆ ಉದ್ದ, ಒಂದಕ್ಕೆ ಗಿಡ್ಡ. ಹಿಡಿ ಒಂದಕ್ಕೆ ಮರ, ಒಂದಕ್ಕೆ ಕೊಂಬು. ಸಿಕ್ಕಿದ್ದನ್ನು ಸಿಕ್ಕ ಹಾಗೆ ಜೋಡಿಸಿದ್ದರು. ಆದರೆ ಮೈ ಮಾತ್ರ ಒಂದೇ ಅಚ್ಚಿನಲ್ಲಿ ಹುಯ್ದದ್ದು. ಬೆರಳು ಇಡುವ ಬಳೆಯ ಕೆಳಗೆ, ಅಚ್ಚಿನ ದೋಷದಿಂದ ಎದ್ದ ಹೆಸರುಕಾಳಿನಷ್ಟು ಗಂಟು ಎರಡರಲ್ಲೂ ಇತ್ತು. ಠಾಣೆಯಲ್ಲಿದ್ದದ್ದರ ಫೋಟೋದಲ್ಲೂ ಅದೇ ಜಾಗದಲ್ಲಿ ಅದೇ ಗಂಟು. ಎರಡರ ನಳಿಗೆಗೂ ಹಿಂದಿನಿಂದ ಅದೇ ಬಿರಡೆ, ಎರಕ ಹುಯ್ಯುವಾಗಲೇ ಮೈಗೆ ಸೇರಿಸಿದ್ದು. ಆಮೇಲೆ ಯಾರೋ ಜಡಿದದ್ದಲ್ಲ. ಹುಟ್ಟಿನಿಂದಲೇ ಆಟದ್ದು.

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೂ ಕೇಳಿದೆ: "ಹೆಡತಲೆ ಕಡೆಯವರಿಗೆ ಇಂಥದ್ದು ಹೇಗೆ ಹೋಯಿತು?"

"ಅದೂ ಸಿಕ್ತಾ? ನಮ್ಮಪ್ಪ ಅದನ್ನೇ ಯೋಳಿ ಯೋಳಿ ಬಯ್ಯೋರು. ಒಂದು ಸಾಮಾಜಿಕ ನಾಟಕ ಮೇಡಂ, ಬಿಳಿ ದೊರೆದು. ಸೋಸಲೆ ಕಡೆಯೋನೊಬ್ಬ ದೊರೆ ಪಾರ್ಟು ಮಾಡ್ತಿದ್ದ. ಕರ್ರಗೆ ಇದ್ದಿಲಂಗಿದ್ದ, ಮುಖಕ್ಕೆ ಬಿಳೀ ಸಪೇತ ಬಳ್ಕೊಂಡು ಬರೋನು. ಆಡಿ ಆಡಿ ಸಾಯೋಗಂಟ ಅವನಿಗೆ ದೊರೆ ಅಂತ್ಲೇ ಎಸರು. ಎಂಡ್ತೀನೂ ದೊರೆ ಅಂತ್ಲೇ ಕೂಗೋಳು. ಆ ಎಡತಲೆ ಕಡೆಯೋನು ದೊರೆ ಹಿಂದೆ ಛತ್ರಿ ಹಿಡ್ಕಂಡು ನಿಲ್ಲೋ ದಫೇದಾರ. ಒಂದ್ ಮಾತೂ ಇರ್ನಿಲ್ಲ ಅವನ್ ಪಾರ್ಟಿಗೆ. ಆಟ ಮುಗಿದ್ಮೇಲೆ ದೊರೆ ಪಿಸ್ತೂಲ ಅವನ ಕೈಗೆ ಕೊಟ್ಟು, ನಾಳೆ ಅಂಗಡಿಗೆ ತಲುಪಿಸ್ಲಾ ಅಂದ. ಅವನು ಮನೆಗ್ ತಗೊಂಡ್ ಓದೋನು ಓದ್ನೇಯ."

ನಮ್ಮ ಕಡೆ ಇದು ಹೊಸದಲ್ಲ. ಒಮ್ಮೆ ಭೀಮನ ವೇಷ ಹಾಕಿದವನು ಮುದುಕನಾಗಿ ಕೋಲು ಹಿಡಿದರೂ ಭೀಮನೇ. ಆ ದೊಡ್ಡಮನೆಯವರಿಗೆ ಮಾತ್ರ ದೊರೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಆನೆ, ಅಂಬಾರಿ, ಹುಲಿ ಎಲ್ಲವೂ ಕಂಡುಬಿಟ್ಟಿತು. ತಾತ ಪಾಪ ಸುಳ್ಳು ಹೇಳಿರಲಿಲ್ಲ. ದೊರೆಯೇ ಕೊಟ್ಟದ್ದು. ಅಂಗಡಿಯವನು ಇನ್ನು ಮೇಲಾದರೂ ಅದನ್ನು ತನಗೆ ಕೊಡಿಸಬೇಕೆಂದು, ಅರಮನೆಯ ಸಾಮಾನು ಎಂದು ಬೋರ್ಡು ಬರೆಸಿ ಇಡುತ್ತೇನೆಂದು ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಬಂದ.

ಠಾಣೆಯಲ್ಲಿ ನಾನು ಹೇಳಿದ್ದನ್ನೆಲ್ಲ ಸಬ್ ಇನ್ಸ್‌ಪೆಕ್ಟರು ಸಮಾಧಾನದಿಂದ ಕೇಳಿದ. ಆಮೇಲೆ ಪ್ರಯೋಗಾಲಯದಿಂದಲೂ ಅದೇ ಉತ್ತರ ಬಂತು: ಇದು ಬಂದೂಕೇ ಅಲ್ಲ, ಎಂದೂ ಆಗಿರಲಿಲ್ಲ. ಕೇಸು ಹುಟ್ಟಲಿಲ್ಲ. ಶಾಲೆ ಮೇಡಮ್ಮಿನ ಕೆಲಸ ಉಳಿಯಿತು. ಆ ಸಂಜೆ ಆಕೆ ನಮ್ಮ ಮನೆಗೆ ಬಂದು ಕಾಫಿ ಪೂರ್ತಿ ಕುಡಿದು ಹೋದಳು. ನನಗೂ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಯಜಮಾನ ಅಂಥವನಲ್ಲ. ಛತ್ರಿ ಹಿಡಿದ ದಫೇದಾರನ ಮೊಮ್ಮಗನಾಗಿ ಊರಲ್ಲಿ ಓಡಾಡುವುದು ಅವನಿಂದ ಆಗದ ಕೆಲಸ. ಕೆಲವೇ ದಿನಗಳಲ್ಲಿ ಹೊಸ ಮಾತು ಹುಟ್ಟಿತು. ಪೊಲೀಸರಿಗೆ ಸಿಕ್ಕಿದ್ದು ಆಟದ್ದೇ ಇರಬಹುದು, ಆದರೆ ಮನೆಯಲ್ಲಿದ್ದದ್ದು ಅಸಲಿ. ಅದನ್ನು ತಮ್ಮನ ಹೆಂಡತಿ ಮೈಸೂರಿನಲ್ಲಿ ಯಾರಿಗೋ ಮಾರಿ, ಬೀರುವಿನಲ್ಲಿ ನಾಟಕದ್ದನ್ನು ಇಟ್ಟಳು! ವಿಡಿಯೋದಲ್ಲಿ ಇರುವುದೂ ಇದೇ ಅಲ್ಲವೇ, ನೀನೇ ಹಾಕಿದ ಸ್ಕ್ರೂ ಕಾಣುತ್ತದಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಅದಕ್ ಮೊದ್ಲೇ ಬದಲಾಯಿಸ್ಬುಟ್ಟವ್ಳೆ" ಎಂದನಂತೆ. ಹಾಗಾದರೆ ಅಲ್ಲಾಡುವ ಹಿಡಿಯನ್ನು ತಾನೇ ಬಿಗಿ ಮಾಡುವಾಗ ಇವನ ಕಣ್ಣು ಎಲ್ಲಿತ್ತು ಎಂದು ಕೇಳುವ ಬುದ್ಧಿ ಆ ಊರಿನ ಒಬ್ಬನಿಗೂ ಬರಲಿಲ್ಲ. ಕೋವಿ ಮೇಡಂ ಕೂಡ ಅದರಲ್ಲಿ ಪಾಲುದಾರಳು ಅನ್ನುವ ಮಾತೂ ನನ್ನ ಕಿವಿಗೆ ಬಿತ್ತು.

ಊರಿನ ಹಿರಿಯರು ಜಗಲಿಯ ಮೇಲೆ ನ್ಯಾಯಕ್ಕೆ ಕೂತರು. ಆಕೆ ನನ್ನನ್ನೂ ಕರೆದುಕೊಂಡು ಹೋದಳು. ನಾನು ಗಂಟಿನಿಂದ ಬಿರಡೆಯವರೆಗೆ ಎಲ್ಲ ವಿವರಿಸಿದೆ. ತಲೆಯಾಡಿಸುತ್ತಾ ಕೇಳಿ, ಕೊನೆಗೆ ಒಬ್ಬರು, "ನೀವು ಯೋಳದು ಸರಿ ಕಣವ್ವ, ಅಂಗಾರೆ ಅಸಲಿ ಎಲ್ಗೋಯ್ತು?" ಎಂದರು. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಆಗ ಆಕೆ ಚೀಲದಿಂದ ಬಿಳಿ ಹಾಳೆ, ಪೆನ್ನು ತೆಗೆದು ಬಾವನ ಮುಂದೆ ಇಟ್ಟಳು.

"ಬರೀರಿ ಬಾವ. ನಮ್ಮನೇಲಿ ಅಸಲಿ ರಿವಾಲ್ವಾರ್ ಇತ್ತು, ಲೈಸೆನ್ಸ್ ಇರ್ನಿಲ್ಲ, ತಾತನ ಕಾಲದಿಂದ ನಾವೇ ಮಡೀಕಂಡಿದ್ವಿ, ಅದನ್ನ ನನ್ ತಮ್ಮನೆಂಡ್ತಿ ಕದ್ದವ್ಳೆ ಅಂತ ಬರೀರಿ. ಸೈನ್ ಆಕಿ. ಠಾಣೆಗೆ ನಾನೇ ಜೊತೇಲಿ ಬತ್ತೀನಿ."

ಯಜಮಾನ ಪೆನ್ನನ್ನು ನೋಡಿದ. ಹಿರಿಯರು ಅವನನ್ನು ನೋಡಿದರು.

"ಮನೆ ಇಚಾರ, ಬೀದಿಗ್ಯಾಕ್ ತರ್ಬೇಕು? ಓಗ್ಲಿ ಬುಡು" ಎಂದ.

"ಬುಡಕ್ಕಾಗಲ್ಲ. ಒಂದೋ ಇದ ಬರೀರಿ. ಇಲ್ಲಾ, ನಮ್ ತಾತ ನಾಟಕದಲ್ಲಿ ಛತ್ರಿ ಹಿಡೀತಿದ್ರು ಅಂತ ಇವರೆಲ್ಲರ ಮುಂದೆ ಒಂದ್ ಮಾತು ಅನ್ನಿ."

ಅವನು ಬರೆಯಲೂ ಇಲ್ಲ, ಅನ್ನಲೂ ಇಲ್ಲ. ಹಸುವಿಗೆ ನೀರು ತೋರಿಸಬೇಕು ಅಂತ ಎದ್ದು ಹೋದ. ಅವನ ಹಿಂದೆಯೇ ಹಿರಿಯರೂ ಒಬ್ಬೊಬ್ಬರಾಗಿ ಪಂಚೆ ಕೊಡವಿಕೊಂಡು ಹೊರಟರು. ನ್ಯಾಯ ಏನಾಯಿತು ಎಂದು ಹೇಳುವುದಕ್ಕೂ ಒಬ್ಬರೂ ನಿಲ್ಲಲಿಲ್ಲ.

ಆಕೆ ಈಗ ನಂಜನಗೂಡಿನಲ್ಲೇ ಬಾಡಿಗೆ ಮನೆ ಹಿಡಿದಿದ್ದಾಳೆ. ಮಾರಿಹೋದ ಅಸಲಿ ರಿವಾಲ್ವಾರ್ ಊರಲ್ಲಿ ವರ್ಷವರ್ಷವೂ ಬೆಳೆಯುತ್ತಿದೆ. ಈಚೆಗೆ ಅದರ ಹಿಡಿಗೆ ಚಿನ್ನದ ಕಟ್ಟು ಬಂದಿದೆಯಂತೆ. ಮೊನ್ನೆ ಶಾಲೆಯ ಗೇಟಿನ ಹತ್ತಿರ ಆಕೆಗಾಗಿ ಕಾಯುತ್ತಾ ನಿಂತಿದ್ದೆ. ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಇಬ್ಬರು ತಾಯಂದಿರು, ಒಳಗಿನಿಂದ ಬರುತ್ತಿದ್ದ ಆಕೆಯನ್ನು ತೋರಿಸಿ, ಇವಳೇ ಕಣೇ ಅರಮನೆ ಪಿಸ್ತೂಲು ಕದ್ದೋಳು ಅಂತ ನನಗೂ ಕೇಳುವಷ್ಟು ಜೋರಾಗಿ ಮಾತಾಡಿಕೊಂಡರು. ಒಂದು ವಸ್ತು ನಕಲಿಯೆಂದು ನಾನು ಸಾಬೀತು ಮಾಡಬಲ್ಲೆ. ಇಲ್ಲದ ವಸ್ತುವನ್ನು ಕದ್ದಿಲ್ಲ ಎಂದು ಯಾವ ಲೆನ್ಸಿನಿಂದ ತೋರಿಸಲಿ? ಸಿಟ್ಟಿನಿಂದ ಅವರ ಕಡೆಗೆ ಹೆಜ್ಜೆ ಹಾಕಿದೆ. ಅಷ್ಟರಲ್ಲಿ ಆಕೆ ಗೇಟಿನಿಂದ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು.

"ಬನ್ನಿ ಮೇಡಂ, ಓಗಾನ. ಕಳ್ಳಿ ಅಂದ್ರೆ ಸಸ್ಪೆಂಡ್ ಮಾಡಲ್ಲ ಬುಡಿ."